ಪಂಜಿನ ನಡುವೆ ನಡೆದವನು

“ಗುರುಗಳೇ, ಊರಿನ ಸಭೆಗೆ ನನ್ನನ್ನು ಆರಿಸಿದ್ದಾರೆ. ನಾಳೆ ಮೊದಲ ಸಲ ಮತ ಹಾಕಬೇಕು. ಸದಸ್ಯನಿಗೆ ಸಿಗುವ ಸವಲತ್ತಾಗಲಿ, ನನ್ನ ಸ್ವಂತ ರೂಢಿಯಾಗಲಿ ಆ ಮತವನ್ನು ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಅಷ್ಟು ಸಾಲದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನೇ ನೋಡಿ ಸಣ್ಣಗೆ ನಕ್ಕರು. “ನಿನ್ನಂಥವನೇ ಒಬ್ಬ ವರ್ತಕನಿದ್ದ” ಎಂದು ಹೇಳತೊಡಗಿದರು.

ಕಾಡಂಚಿನಲ್ಲಿ ಒಂದು ಊರು. ಅದರ ಸಭಾಮಂಟಪ ಊರಾಚೆ ಹೊಳೆಯ ದಡದಲ್ಲಿತ್ತು. ನಡುವೆ ಒಂದು ಕಾಲುದಾರಿ, ದಾರಿಯ ಎರಡೂ ಬದಿಗೆ ಆಳೆತ್ತರದ ಮುಳ್ಳುಪೊದೆ. ಸಭೆ ಮುಗಿಯುವಾಗ ಹೊತ್ತು ಮುಳುಗಿರುತ್ತಿತ್ತು. ಆದ್ದರಿಂದ ಒಬ್ಬೊಬ್ಬ ಸದಸ್ಯನನ್ನೂ ಮನೆ ಮುಟ್ಟಿಸಲು ಊರಿನ ಖರ್ಚಿನಲ್ಲಿ ಇಬ್ಬರು ಪಂಜಿನವರಿದ್ದರು. ಒಬ್ಬ ಮುಂದೆ ನಡೆಯುವನು, ಒಬ್ಬ ಹಿಂದೆ.

ವರ್ತಕ ಆ ಸಭೆಯ ಸದಸ್ಯ. ಅವನ ಕೈ ಶುದ್ಧವಾಗಿತ್ತು. ಯಾರಿಂದಲೂ ಒಂದು ವೀಳ್ಯದೆಲೆಯನ್ನು ಕೂಡ ಪಡೆದವನಲ್ಲ.

ಒಮ್ಮೆ ಬಟ್ಟೆ ಒಗೆಯುವ ಹೆಂಗಸೊಬ್ಬಳು ಸಭೆಯ ಮುಂದೆ ಬಂದು ನಿಂತಳು. ಹೊಳೆಯಿಂದ ಹೊರಟ ಅವಳ ಗಂಡ ಮನೆ ಸೇರಿರಲಿಲ್ಲ. ಅವನು ಹೊತ್ತಿದ್ದ ಬಟ್ಟೆಯ ಗಂಟು ಮಾತ್ರ ಪೊದೆಯ ಬದಿಯಲ್ಲಿ ಬಿದ್ದಿತ್ತು. ಇನ್ನು ಮೇಲೆ ಅದೇ ದಾರಿಯಲ್ಲಿ ಅವಳೂ ಅವಳ ಮಗಳೂ ಗಂಟು ಹೊತ್ತು ಬರಬೇಕು. ಹುಲಿಯಿದೆ, ಪೊದೆ ಕಡಿಸಿ, ದಾರಿಗೆ ಕಾವಲು ಹಾಕಿಸಿ ಎಂದು ಬೇಡಿಕೊಂಡಳು. ಆನೆಯ ಮೇಲೆ ಹೋಗುವವನನ್ನು ಸುಣ್ಣ ಕೇಳಿದ ಹಾಗಾಯಿತು.

ಮತಗಳು ಸಮಸಮ ಬಿದ್ದವು. ವರ್ತಕನದೊಂದು ಉಳಿಯಿತು.

“ಇದರಲ್ಲಿ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಂಡದ್ದನ್ನು ಹೇಳುತ್ತೇನೆ. ಆ ದಾರಿಯಲ್ಲಿ ವರ್ಷಗಟ್ಟಲೆ ನಡೆದಿದ್ದೇನೆ, ಒಂದು ನರಿಯನ್ನೂ ಕಂಡಿಲ್ಲ” ಎಂದು ಹೇಳಿ, ಬೇಡವೆಂದು ಮತ ಹಾಕಿದ.

“ಬೆಂಕಿ ಕಂಡ್ರೆ ಹುಲಿ ಬತ್ತದಾ ಬುದ್ಧೀ? ಒಂದು ದಿನ ಪಂಜಿಲ್ದೆ ನಡೀರಿ” ಎಂದಳು ಅವಳು.

ಆ ಮಾತು ವರ್ತಕನಿಗೆ ನಾಟಿತು. ಅವನು ಪ್ರಾಮಾಣಿಕ, ಪಾಪ, ಅದೇ ಅವನ ಕಷ್ಟ. ನಡೆದು ನೋಡೋಣ, ತಪ್ಪಾಗಿದ್ದರೆ ನಾಳೆ ಮತ ಬದಲಿಸೋಣ ಎಂದುಕೊಂಡು ಅಂದೇ ಪಂಜಿನವರನ್ನು ಬಿಟ್ಟು ಒಬ್ಬನೇ ಹೊರಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ತಾನು ಬಲ್ಲ ದಾರಿಯಲ್ಲ ಎನಿಸಿತು. ಪೊದೆಯೊಳಗೆ ತರಗೆಲೆ ಸದ್ದಾಯಿತು. ಅವನು ನಿಂತರೆ ಸದ್ದೂ ನಿಲ್ಲುತ್ತಿತ್ತು. ಅವನು ನಡೆದರೆ ಅದೂ ನಡೆಯುತ್ತಿತ್ತು. ಆ ಹೆಂಗಸಿನ ಗಂಡನೂ ಇಲ್ಲೇ ನಿಂತಿದ್ದಿರಬೇಕು ಎಂದು ಹೊಳೆದಾಗ ಅವನಿಗೆ ಹುಲಿಗಿಂತ ತಾನು ಹಾಕಿದ ಮತವೇ ಹೆಚ್ಚು ಭಯಂಕರವಾಗಿ ಕಂಡಿತು.

“ಕಡಿಸುತ್ತೇನೆ! ನಾಳೆಯೇ ಕಡಿಸುತ್ತೇನೆ!” ಎಂದು ಪೊದೆಯ ಕಡೆ ತಿರುಗಿ ಕೂಗಿದ. ಊರ ಬಾಗಿಲ ಕಾವಲುಗಾರನಿಗೆ ಆ ಕೂಗು ಕೇಳಿಸಿತು. ಮತ್ತೆ ಏನೂ ಕೇಳಿಸಲಿಲ್ಲ.

ಮರುದಿನ ಸಭೆಯಲ್ಲಿ ಒಂದು ಆಸನ ಖಾಲಿಯಿತ್ತು. ಹುಲಿಯಿಲ್ಲ ಎನ್ನುವವರು ಈಗ ಒಬ್ಬರೂ ಇರಲಿಲ್ಲ. ಒಗೆಯುವವಳು ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ಕಾದು ನಿಂತಿದ್ದಳು. ಎಲ್ಲರೂ ಒಮ್ಮತದಿಂದ ತೀರ್ಮಾನ ಮಾಡಿದರು: ಇನ್ನು ಮುಂದೆ ಪ್ರತಿ ಸದಸ್ಯನಿಗೆ ಇಬ್ಬರ ಬದಲು ನಾಲ್ವರು ಪಂಜಿನವರು.

ಗುರುಗಳು ಕತೆ ನಿಲ್ಲಿಸಿದರು.

“ಪೊದೆ?” ಎಂದ ಶಿಷ್ಯ.

“ಬೆಳೆಯುತ್ತಿದೆ.”

“ನಮ್ಮ ಸಭೆಯಲ್ಲೂ ಪಂಜಿನವರನ್ನು ಕೊಡುತ್ತಾರೆ, ಗುರುಗಳೇ. ನಾನು ಅಷ್ಟೊಂದು ಜನರನ್ನು ಒಪ್ಪುವುದಿಲ್ಲ. ಮನೆ ಮುಟ್ಟಿಸಲು ಒಬ್ಬ ಸಾಕು” ಎಂದ.

ಗುರುಗಳು ಕೇಳಿದರು: “ಆ ಒಬ್ಬನನ್ನು ಮನೆ ಮುಟ್ಟಿಸುವವರು ಯಾರಪ್ಪ?”