ಹೆಪ್ಪಿನ ಜೊತೆ ಹೋದ ಮಾತು

“ಅವ್ವಾ, ಇಂಗ್ಲಿಷಿನಲ್ಲಿ ‘ಎವ್ರಿಬಡಿ’ ಅಂದರೆ ಎಲ್ಲರೂ ಅಂತ. ಎಲ್ಲರೂ ಅಂದರೆ ಬಹಳ ಜನ. ಆದರೆ ಅದರ ಮುಂದೆ ಬರುವ ಕ್ರಿಯಾಪದ ಮಾತ್ರ ಒಬ್ಬರಿಗೆ ಹಾಕುವಂಥದ್ದೇ ಆಗಬೇಕಂತೆ. ‘ಎವ್ರಿಬಡಿ ಸೇ’ ಅಂತ ಬರೆದರೆ ತಪ್ಪು, ‘ಎವ್ರಿಬಡಿ ಸೇಸ್’ ಅಂತ ಬರೆದರೆ ಸರಿ. ಅಷ್ಟೊಂದು ಜನ ಸೇರಿ ಒಬ್ಬರು ಹೇಗಾಗುತ್ತಾರೆ?”

ಹೀಗೆ ಕೇಳಿದವಳು ಜಯಶೀಲ, ಮಠದಲ್ಲಿದ್ದುಕೊಂಡು ಪರೀಕ್ಷೆಗೆ ಓದುತ್ತಿದ್ದ ಶಿಷ್ಯೆ. ಯಾವ ಕರ್ತೃವಿಗೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬ ಆ ಒಂದು ಪಾಠ ಎಷ್ಟೋ ದಿನದಿಂದ ಅವಳ ತಲೆ ತಿನ್ನುತ್ತಿತ್ತು. ಕೇಳಿಸಿಕೊಂಡವರು ದೊಡ್ಡತಾಯಮ್ಮ, ಮಠದ ಹಿರಿಯರು. ಅವರು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಂಗ್ಲಿಷ್ ಅಕ್ಷರ ಅವರಿಗೆ ಇರುವೆ ಸಾಲು ಇದ್ದ ಹಾಗೆ. ಆದರೆ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ, ಯಾರ ಹೊಟ್ಟೆಯೊಳಗೆ ಏನು ಉರಿಯುತ್ತಿದೆ ಎಂಬುದು ಕೂತಲ್ಲೇ ಗೊತ್ತಾಗುತ್ತಿತ್ತು.

ಅವತ್ತು ಬೆಳಿಗ್ಗೆ ಇದೇ ಜಯಶೀಲ ಒಂದು ದೂರು ತಂದಿದ್ದಳು. ಮಠದ ಅಡುಗೆಮನೆಯ ಮಾದೇವಿ ತುಪ್ಪ ಕದ್ದು ಮನೆಗೆ ಸಾಗಿಸುತ್ತಾಳೆ, ಅವಳನ್ನು ಕೆಲಸದಿಂದ ಬಿಡಿಸಿಬಿಡಿ, ನಾನೊಬ್ಬಳು ಹೇಳುವ ಮಾತಲ್ಲ, ಎಲ್ಲರೂ ಹೇಳುತ್ತಾರೆ ಎಂದು. ದೊಡ್ಡತಾಯಮ್ಮ ಆಗ ಹೂಂ ಎಂದಿರಲಿಲ್ಲ. ಊಹೂಂ ಎಂದೂ ಇರಲಿಲ್ಲ.

ಈಗ ಅವರು ಅತ್ತ ಇತ್ತ ನೋಡಿದರು. ದನಿ ತಗ್ಗಿಸಿದರು.

“ಆ ಬಾಗಿಲು ಮುಂದಕ್ಕೆ ಹಾಕು. ಹತ್ತಿರ ಬಾ. ಇನ್ನೂ ಹತ್ತಿರ. ಒಂದು ಬೀದಿಯ ಸುದ್ದಿ ಹೇಳುತ್ತೇನೆ. ದೊಡ್ಡತಾಯಮ್ಮ ಹೇಳಿದಳು ಅಂತ ಹೊರಗೆ ಬಾಯಿ ಬಿಟ್ಟೀಯೆ, ಜೋಕೆ! ದೀಪದ ಕಡೆ ತಿರುಗಿ ಆಣೆ ಇಡು.”

ಜಯಶೀಲ ಆಣೆ ಇಟ್ಟಳು. ವ್ಯಾಕರಣ ಕೇಳಿದ್ದಕ್ಕೆ ಆಣೆ ಯಾಕೆಂದು ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟಳು. ದೊಡ್ಡತಾಯಮ್ಮ ಕತೆ ಹಿಡಿದರು.

ಒಂದು ಬೀದಿ. ಆ ಬೀದಿಯಲ್ಲಿ ಒಬ್ಬ ಅತ್ತೆ. ನಾಲಿಗೆ ಅಂದರೆ ಅವಳದು ನಾಲಿಗೆ. ಮಸೆಯುವ ಕೆಲಸವೇ ಇಲ್ಲ. ಮನೆಯಲ್ಲಿ ಒಬ್ಬ ಮಗ, ಒಬ್ಬ ಸೊಸೆ, ಸೊಸೆಯ ಸೊಂಟದ ಮೇಲೆ ಒಂದು ಕೂಸು. ಸೊಸೆ ಒಳ್ಳೆಯವಳು. ಅತ್ತೆಯೂ ಅದನ್ನು ಒಪ್ಪುತ್ತಿದ್ದಳು, ಸೊಸೆ ಎದುರಿಗೆ ಇಲ್ಲದಾಗ.

ಆ ಬೀದಿಯಲ್ಲಿ ಒಂದು ರೂಢಿ. ಹಾಲಿಗೆ ಹಾಕಲು ಹೆಪ್ಪು ಉಳಿಯದ ಮನೆಯವಳು ಬಟ್ಟಲು ಹಿಡಿದು ಇನ್ನೊಂದು ಮನೆಗೆ ಹೋಗಬೇಕು. ಹೋಗುವುದೂ ದೀಪ ಹಚ್ಚುವುದಕ್ಕೆ ಮುಂಚೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಬಟ್ಟಲು ಹತ್ತಿ ಹೊರಟುಬಿಡುತ್ತಾಳೆ ಎಂದು ಯಾರೂ ಕೊಡುವುದಿಲ್ಲ. ಹಾಗಾಗಿ ಸೂರ್ಯ ಇಳಿಯುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬಾಗಿಲಲ್ಲೇ ಇರುತ್ತಿದ್ದರು. ಬಟ್ಟಲಿಗೆ ಒಂದು ಚೂರು ಮೊಸರು ಬೀಳುತ್ತಿತ್ತು, ಕಿವಿಗೆ ಒಂದು ಸುದ್ದಿ ಬೀಳುತ್ತಿತ್ತು. ಬರಿಯ ಹೆಪ್ಪು ತೆಗೆದುಕೊಂಡು ಹೋದ ಹೆಂಗಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ರಾಗಿ ಬೀಸಿಸಲು ಗಿರಣಿಗೆ ಹೋದಳು. ಗಿರಣಿಯ ಹಿಂದೆ, ಹುಣಸೆ ಮರದ ನೆರಳಿನಲ್ಲಿ, ಹಸಿರು ಸೀರೆಯ ಹೆಂಗಸೊಬ್ಬಳು ಒಬ್ಬ ಗಂಡಸಿನ ಜೊತೆ ಮಾತಾಡುತ್ತ ನಿಂತಿದ್ದಳು. ಮಾತಾಡಿದರೆ ಆಡಲಿ, ನಗುತ್ತಲೂ ಇದ್ದಳು. ಅದೂ ಭುಜ ಕುಲುಕುವ ಹಾಗೆ. ಅತ್ತೆ ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು, ಯಾರದೋ ಹಿಟ್ಟಿನ ಚೀಲದ ಮೇಲೆ ಹತ್ತಿ ನಿಂತಳು. ಬೆನ್ನು ಕಂಡಿತು. ಮುಖ ಕಾಣಲಿಲ್ಲ.

ಹಿಟ್ಟು ಹೊತ್ತುಕೊಂಡು ದಡಬಡ ಮನೆಗೆ ಬಂದಳು. ಸೊಸೆ ಬಾಗಿಲು ತೆಗೆದಳು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಹಾಗೇ ಎದ್ದು ಬಂದಿದ್ದರಿಂದ ಚಿಲಕವೆಲ್ಲ ಹರಳೆಣ್ಣೆಯಾಯಿತು. “ಎಣ್ಣೆ ನಿಮ್ಮಪ್ಪನ ಮನೆಯಿಂದ ಹರಿದು ಬರುತ್ತದೇನೇ?” ಎಂದು ಅತ್ತೆ ಬೈದಳು. ಬೈದದ್ದು ಪಕ್ಕದ ಮನೆಯವಳಿಗೂ ಕೇಳಿಸಿತು. ಪಕ್ಕದ ಮನೆಯವಳು ಅತ್ತೆಯ ವಾರಿಗೆಯವಳೇ. ಮನೆಯಲ್ಲಿ ಕರೆಯುವ ಹಸು ಇಲ್ಲ, ಹೆಪ್ಪಿನ ಗೊಡವೆ ಇಲ್ಲ, ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುವುದೊಂದೇ ಕೆಲಸ.

ಸಂಜೆಗೆ ಅದೇ ಬೀದಿಯ ಹೂವಿನವಳು ಬಟ್ಟಲು ಹಿಡಿದು ಬಂದಳು.

“ಅಕ್ಕಾ, ಒಂಚೂರು ಹೆಪ್ಪು ಕೊಡಿ.”

ಅತ್ತೆಗೆ ಮಾತು ಗಂಟಲಿಗೆ ಬಂದು ನಿಂತಿತ್ತು. ಚಮಚ ಹುಡುಕುವ ತಾಳ್ಮೆ ಎಲ್ಲಿ? ಬೆಂಡೆಕಾಯಿ ಹುಳಿಯ ಸೌಟನ್ನೇ ಸೆರಗಿನಲ್ಲಿ ಒರೆಸಿ ಮೊಸರಿನ ಗಡಿಗೆಗೆ ಅದ್ದಿದಳು. ಕಲಕಿದಳು. ಹೆಪ್ಪು ಕೊಟ್ಟಳು. ಕೊಡುತ್ತ ಕೊಡುತ್ತ ಗಿರಣಿಯ ಹಿಂದಿನದನ್ನೂ ಬಟ್ಟಲಿಗೆ ಸುರಿದಳು: ಹಸಿರು ಸೀರೆಯಂತೆ, ಗಂಡಸಂತೆ, ನಗುವಂತೆ.

“ಅಯ್ಯೋ ಶಿವನೇ! ನೀವೇ ನೋಡಿದಿರಾ ಅಕ್ಕಾ?”

ಅತ್ತೆ ಬಾಯಿ ತೆರೆದವಳು ಒಂದು ಗಳಿಗೆ ನಿಂತಳು. ನೋಡಿದೆ ಎಂದರೆ, ಯಾರು ಎಂದು ಕೇಳುತ್ತಾಳೆ. ಮುಖ ಕಾಣಲಿಲ್ಲ ಎಂದರೆ ಸುದ್ದಿಯ ಉಪ್ಪೇ ಹೋಗುತ್ತದೆ. ನಾಳೆ ನ್ಯಾಯ ಸೇರಿದರೆ ಸಾಕ್ಷಿಗೆ ಕರೆಯುತ್ತಾರೆ.

“ನಾನು ಯಾಕೆ ನೋಡಲಿ? ಎಲ್ಲರೂ ಹೇಳುತ್ತಾರೆ,” ಎಂದಳು.

ಹೂವಿನವಳು ಎರಡನ್ನೂ ಜೋಪಾನವಾಗಿ ತೆಗೆದುಕೊಂಡು ಹೋದಳು.

ಮಾರನೆಯ ದಿನ ಅತ್ತೆಯ ಗಡಿಗೆಯ ಮೊಸರು ಲೋಳೆಯಾಗಿತ್ತು. ಸೌಟಿನಿಂದ ಎತ್ತಿದರೆ ನೂಲು ಬಂದ ಹಾಗೆ ಬಂತು. ಗಡಿಗೆ ಸರಿಯಾಗಿ ತೊಳೆದಿಲ್ಲ ಎಂದು ಸೊಸೆಗೆ ಬೈದಳು, ಮೊಸರನ್ನು ಕಲಗಚ್ಚಿಗೆ ಸುರಿದಳು, ಮರೆತಳು. ಆದರೆ ಹೂವಿನವಳು ಹಿಂದಿನ ಸಂಜೆಯೇ ತನ್ನ ಬಟ್ಟಲಿನಿಂದ ಎದುರುಮನೆಯವಳಿಗೆ ಪಾಲು ಕೊಟ್ಟಾಗಿತ್ತು. ಎದುರುಮನೆಯ ಗಡಿಗೆಯಿಂದ ಮೂಲೆಮನೆಗೆ ಹೋಯಿತು. ಮೊಸರು ಲೋಳೆಯಾದವರು, ಹಸು ಹೊಸ ಹುಲ್ಲು ಮೇಯ್ದಿದೆ, ಹಾಲೇ ಹಾಗೆ ಎಂದುಕೊಂಡು ಉಂಡರು.

ಮಾತೂ ಅದೇ ದಾರಿ ಹಿಡಿಯಿತು. ಹೂವಿನವಳ ಮನೆಯಲ್ಲಿ ಅದು ಹಸಿರು ಸೀರೆಯ ಒಬ್ಬ ಹೆಂಗಸು. ಎದುರುಮನೆಗೆ ಬರುವಾಗ ಹಸಿರು ಸೀರೆಯ ಒಬ್ಬ ಸೊಸೆ. ಹೆಂಗಸು ಎಂದರೆ ರುಚಿಯಿಲ್ಲ, ಸೊಸೆ ಎಂದರೆ ಕೇಳುವವರು ಹತ್ತಿರ ಬರುತ್ತಾರೆ. ಮೂಲೆಮನೆಗೆ ಬಂದಾಗ ಕೇಳಿದರು: ಯಾರ ಮನೆ ಸೊಸೆಯ ಹತ್ತಿರ ಹಸಿರು ಸೀರೆ ಇದೆ? ಅದನ್ನು ಕೇಳಬೇಕೇ? ಗೌರಿ ಹಬ್ಬಕ್ಕೆ ಅತ್ತೆಯೇ ಮನೆಮನೆಗೆ ಹೊತ್ತು ತಿರುಗಿ, ನನ್ನ ಸೊಸೆಗೆ ತಂದದ್ದು, ಜರಿ ನೋಡಿ, ಎಂದು ತೋರಿಸಿದ್ದಳು.

“ಹಸಿರು ಸೀರೆಯವಳು ಯಾರು ಅವ್ವಾ, ನಿಜಕ್ಕೂ?” ಎಂದಳು ಜಯಶೀಲ.

“ನೋಡು, ನಿನ್ನ ಕಿವಿಯೂ ಅಲ್ಲೇ ನೆಟ್ಟಿದೆ! ನನಗೆ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ. ಬೆನ್ನಿನ ಮೇಲೆ ಹೆಸರು ಬರೆದಿರುತ್ತದೇನೇ? ಮುಂದಕ್ಕೆ ಕೇಳು.”

ಕೆಲವು ದಿನ ಕಳೆದ ಮೇಲೆ ಅತ್ತೆಗೆ ಹೆಪ್ಪು ಬೇಕಾಯಿತು. ಸಂಜೆ ಬಟ್ಟಲು ಹಿಡಿದು ಮೂಲೆಮನೆಗೆ ಹೋದಳು. ಮೂಲೆಮನೆಯವಳು ಹೆಪ್ಪು ಹಾಕಿದಳು. ಬಟ್ಟಲು ಕೈಗೆ ಕೊಡದೆ ಹಾಗೇ ಹಿಡಿದುಕೊಂಡಳು.

“ಹೇಗೆ ಹೇಳಲಿ ಅಕ್ಕಾ… ನಿಮ್ಮ ಸೊಸೆ ವಿಚಾರ. ಗಿರಣಿ ಹಿಂದೆ. ಯಾರೋ ಗಂಡಸಂತೆ.”

“ಯಾರೇ ಅಂದವರು? ಅವಳ ನಾಲಿಗೆಗೆ ಹುಳ ಬೀಳ!”

“ಒಬ್ಬರೆಂದರೆ ಹೇಳಬಹುದಿತ್ತು. ಎಲ್ಲರೂ ಹೇಳುತ್ತಾರೆ.”

ಅತ್ತೆ ಬಟ್ಟಲು ಹಿಡಿದು ಮನೆಗೆ ನಡೆದಳು. ನಾಲ್ಕು ಹೆಜ್ಜೆಯ ದಾರಿ, ಮುಗಿಯಲೇ ಇಲ್ಲ. ಗಿರಣಿಯ ಹಿಂದೆ ನೋಡಿದವಳು ತಾನು. ಓಡಿ ಬಂದಾಗ ಬಾಗಿಲು ತೆಗೆದವಳು ಸೊಸೆ. ಚಿಲಕದ ಮೇಲೆ ಎಣ್ಣೆ ಇತ್ತು, ಬೈದದ್ದೂ ನೆನಪಿದೆ. ಹಾಗಾದರೆ ಇದು ಸುಳ್ಳು. ಆದರೆ ಎಲ್ಲರೂ ಹೇಳುತ್ತಾರಲ್ಲ? ತಾನೊಬ್ಬಳು ಸರಿ, ಬೀದಿಗೆ ಬೀದಿಯೇ ತಪ್ಪು ಅಂದರೆ ನಂಬುವುದು ಹೇಗೆ? ತಾನು ದೊಡ್ಡ ರಸ್ತೆಯಲ್ಲಿ ಬರುವಷ್ಟರಲ್ಲಿ ಅವಳು ಹಿತ್ತಲ ಓಣಿಯಿಂದ ಓಡಿ ಬಂದಿರಬಹುದು. ಸೀರೆ ಬದಲಾಯಿಸಿರಬಹುದು. ಎಣ್ಣೆ, ಬೇಕೆಂದೇ ಕೈಗೆ ಬಳಿದುಕೊಂಡಿರಬಹುದು. ಹೀಗೆ ಯೋಚಿಸುತ್ತ ಯೋಚಿಸುತ್ತ, ಅವತ್ತು ಎಷ್ಟು ಬಗ್ಗಿದರೂ ಕಾಣದ ಮುಖ ಈಗ ತಾನಾಗಿ ತಿರುಗಿ ಅವಳನ್ನು ನೋಡಿತು. ಸೊಸೆಯದೇ ಮುಖ.

ಮನೆ ಮುಟ್ಟುವ ಹೊತ್ತಿಗೆ ಅತ್ತೆಗೆ ಅನುಮಾನ ಉಳಿದಿರಲಿಲ್ಲ.

“ಗಂಟು ಕಟ್ಟು. ನಿನ್ನಣ್ಣನಿಗೆ ಹೇಳಿಕಳಿಸುತ್ತೇನೆ. ಬೆಳಿಗ್ಗೆ ಬಂದು ಕರೆದುಕೊಂಡು ಹೋಗಲಿ,” ಎಂದಳು.

ಸೊಸೆಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ಅಳಲೂ ಆಗಲಿಲ್ಲ. “ಅವತ್ತು ನಿಮಗೆ ಬಾಗಿಲು ತೆಗೆದವಳು ನಾನೇ ಅಲ್ಲವಾ ಅತ್ತೆ? ಚಿಲಕಕ್ಕೆ ಎಣ್ಣೆಯಾಯಿತು ಅಂತ ಬೈದಿರಲ್ಲ?”

“ಬೈದೆ. ಇಲ್ಲ ಅಂದೆನಾ? ಆದರೆ ಎಲ್ಲರೂ ಹೇಳುತ್ತಾರಲ್ಲೇ!”

ಸೊಸೆ ಗಂಡನ ಕಡೆ ತಿರುಗಿದಳು. ಮಗ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಚಪ್ಪಲಿ ನೋಡಿಕೊಂಡು ಹೊರಗೆ ಹೋದ.

ಬೆಳಗಾಯಿತು. ಸೊಸೆ ಗಂಟು ಕಟ್ಟಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಅಣ್ಣನ ದಾರಿ ನೋಡುತ್ತ ಜಗಲಿಯ ಮೇಲೆ ಕೂತಳು. ಅತ್ತೆ ಒಳಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದಳು. ಮೊಸರು ಮತ್ತೆ ಲೋಳೆ. ಅದೇ ನೂಲು, ಅದೇ ವಾಸನೆ. ಗಡಿಗೆಯನ್ನು ಈ ಸಲ ತೊಳೆದವಳು ತಾನೇ. ಸೊಸೆಗೆ ಬೈಯುವ ಹಾಗೂ ಇಲ್ಲ. ಸಿಟ್ಟು ನೆತ್ತಿಗೇರಿತು. ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡು ಬೀದಿಗಿಳಿದಳು.

ಈ ಮಾತು ಯಾರು ಹೇಳಿದರು ಎಂದು ಕೇಳಿದ್ದರೆ ಬೀದಿಯೆಲ್ಲ ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಹೆಪ್ಪು ಯಾರು ಕೊಟ್ಟರು ಎಂದು ಕೇಳಿದರೆ ಹೇಳಲು ಯಾರಿಗೆ ಭಯ? ಮೂಲೆಮನೆಯವಳು ಥಟ್ಟನೆ ಹೇಳಿದಳು, ಎದುರುಮನೆಯದು ಎಂದು. ಎದುರುಮನೆಯವಳು, ಹೂವಿನವಳು ಕೊಟ್ಟದ್ದು ಎಂದಳು. ಮೂಲೆಮನೆಯವಳೂ ಎದುರುಮನೆಯವಳೂ ತಮಾಷೆ ನೋಡಲು ಹಿಂದೆ ಹಿಂದೆ ಬಂದರು. ಎಲ್ಲ ಸೇರಿ ಹೂವಿನವಳ ಬಾಗಿಲಿಗೆ ಹೋದಾಗ ಅವಳು ದಾರ ಬಾಯಲ್ಲಿ ಕಚ್ಚಿಕೊಂಡು ಮಾಲೆ ಕಟ್ಟುತ್ತಿದ್ದಳು.

“ಯಾವ ಹಾಳು ಮನೆಯಿಂದ ತಂದೆಯೇ ಈ ಹೆಪ್ಪು? ಬೀದಿಯ ಮೊಸರನ್ನೆಲ್ಲ ಕೆಡಿಸಿದಳಲ್ಲ ಆ ಪುಣ್ಯಾತಗಿತ್ತಿ!” ಎಂದಳು ಅತ್ತೆ.

ಹೂವಿನವಳು ದಾರ ಬಿಟ್ಟಳು. ಅತ್ತೆಯನ್ನು ನೋಡಿದಳು, ಹಿಂದೆ ನಿಂತವರನ್ನು ನೋಡಿದಳು.

“ನಿಮ್ಮ ಮನೆಯದೇ ಅಕ್ಕಾ. ಆ ಹಸಿರು ಸೀರೆ ಸುದ್ದಿ ಹೇಳಿದಿರಲ್ಲ, ಅವತ್ತು ಕೊಟ್ಟದ್ದು.”

ಮೂಲೆಮನೆಯವಳಿಗೆ ಒಲೆಯ ಮೇಲೆ ಇಟ್ಟ ಹಾಲು ನೆನಪಾಯಿತು. ಎದುರುಮನೆಯವಳಿಗೂ ಏನೋ ನೆನಪಾಯಿತು. ಅತ್ತೆ ಗಡಿಗೆ ಹೊತ್ತು ಹಿಂದಿರುಗಿದಳು. ಕಾಲು ಮನೆಯ ಕಡೆ ನಡೆಯುತ್ತಿತ್ತು, ತಲೆ ಇನ್ನೂ ಬೀದಿಯಲ್ಲೇ ಸುತ್ತುತ್ತಿತ್ತು. ಮೊಸರಿನ ವಿಷಯ ಬೇರೆ, ಸೊಸೆಯ ವಿಷಯ ಬೇರೆ, ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಂಡಳು. ಎರಡನೆಯ ಸಲ ಅಷ್ಟು ಗಟ್ಟಿಯಾಗಿ ಬರಲಿಲ್ಲ.

ಜಗಲಿಯ ಹತ್ತಿರ ಬಂದರೆ ಸೊಸೆಯ ಪಕ್ಕದಲ್ಲಿ ಗಂಟು ಇಲ್ಲ. ಪಕ್ಕದ ಮನೆಯವಳು ಅದನ್ನು ಎತ್ತಿ, ಅತ್ತೆಯ ಮನೆಯ ಹೊಸ್ತಿಲ ಒಳಗೆ ಇಟ್ಟು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕೈಯಲ್ಲಿ ಇನ್ನೂ ಹೊಸೆಯುತ್ತಿದ್ದ ಹೂಬತ್ತಿ. ಹೂವಿನವಳ ಬಾಗಿಲಲ್ಲಿ ಆಡಿದ ಮಾತೆಲ್ಲ ಅವಳ ಜಗಲಿಗೂ ಕೇಳಿಸಿತ್ತು.

“ನನ್ನ ಮನೆ ವಿಚಾರಕ್ಕೆ ನೀನು ಯಾರೇ? ಅವಳನ್ನು ಇಟ್ಟುಕೊಂಡು ನಾನು ಬೀದಿಯಲ್ಲಿ ತಲೆಯೆತ್ತಿ ತಿರುಗಲಾ? ನಾನೊಬ್ಬಳು ಹೇಳುವ ಮಾತಲ್ಲ. ಎಲ್ಲರೂ ಹೇಳುತ್ತಾರೆ!” ಎಂದಳು ಅತ್ತೆ.

ದೊಡ್ಡತಾಯಮ್ಮ ಅಲ್ಲಿಗೆ ನಿಲ್ಲಿಸಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಅಡುಗೆಮನೆಯಲ್ಲಿ ಮಾದೇವಿ ಪಾತ್ರೆ ಬೆಳಗುವ ಸದ್ದು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಜಯಶೀಲ ತೆರೆದ ಪುಸ್ತಕದ ಮೇಲಿನ ಬೆರಳು ತೆಗೆಯಲಿಲ್ಲ.

“ಪಕ್ಕದ ಮನೆಯವಳು ಏನಂದಳು ಅವ್ವಾ?”

“ಏನನ್ನುತ್ತಾಳೆ? ಮುಖಕ್ಕೆ ಮುಖ ಕೊಟ್ಟು ಅಂದಳು: ‘ಲೋಳೆ ಮೊಸರು ಬೀದಿಗೆಲ್ಲ, ನಿಜ ಕಣೇ, ಹೆಪ್ಪು ನಿನ್ನೊಬ್ಬಳದು.’”