ನರಿಯ ಕತ್ತಿನ ಅಳತೆಯ ಮನೆ

ಒಂದು ಜೋಳದ ಹೊಲದಲ್ಲಿ ಒಂದು ರಾಜ್ಯವಿತ್ತು. ಹೊಲದೊಳಗೆ ಎಂಥ ರಾಜ್ಯ ಅಂತ ಮೂಗು ಮುರಿಯಬೇಡಿ. ಇಲಿಯ ಕಾಲಲ್ಲಿ ನಡೆದು ನೋಡಿ, ಆ ಹೊಲ ದಾಟೋದರೊಳಗೆ ಅರ್ಧ ಆಯುಸ್ಸು ಮುಗಿದಿರುತ್ತದೆ.

ಆ ರಾಜ್ಯಕ್ಕೆ ಒಬ್ಬ ರಾಜ. ಮುದಿ ಉಡ. ಹೊಲದ ಮೂಲೆಯ ಹುತ್ತವೇ ಅವನ ಅರಮನೆ. ಬಿಸಿಲಿಗೆ ಮೈ ಕಾಯಿಸುವುದು, ನಿದ್ದೆ ಹೊಡೆಯುವುದು, ನಡುವೆ ಎಚ್ಚರವಾದರೆ ನಾಲಿಗೆ ಹೊರಗೆ ಹಾಕಿ "ಎಲ್ಲ ಸರಿ ಐತಾ" ಅಂತ ಕೇಳುವುದು. ಇಷ್ಟೇ ಅವನ ಆಡಳಿತ. "ಎಲ್ಲ ಸರಿ ಐತೆ ಬುದ್ಧಿ" ಅಂತ ಉತ್ತರ ಕೊಡೋಕೆ ಒಬ್ಬ ಮಂತ್ರಿ ಬೇಕಲ್ಲ, ಆ ಮಂತ್ರಿ ಒಂದು ನರಿ. ಹೆಸರು ಜಂಬುರಾಯ. ಹೆಸರಿನಷ್ಟೇ ಬಾಲವೂ ಉದ್ದ.

ಒಂದು ದಿನ ಜಂಬುರಾಯ ರಾಜನ ಕಿವಿಯಲ್ಲಿ ಊದಿದ. "ಬುದ್ಧಿ, ಈ ಇಲಿಗಳು ಕಂಡಕಂಡಲ್ಲಿ ತೋಡ್ತಾವೆ. ಹಿಂಗೇ ಬಿಟ್ರೆ ನಾಳೆ ನಿಮ್ಮ ಹುತ್ತದ ಬುಡಾನೂ ಸಡಿಲ ಆಗ್ತದೆ."

ಹುತ್ತ ಅಂದರೆ ರಾಜನಿಗೆ ಪ್ರಾಣ. ಅವತ್ತೇ ಡಂಗುರ ಸಾರಿಸಿದ. ಇನ್ನು ಮುಂದೆ ಯಾವ ಇಲಿಯೂ ಹೊಸ ಬಿಲ ತೋಡಕೂಡದು. ಮನೆ ಬೇಕಾದವರು ಜಂಬುರಾಯರು ತೋಡಿಸಿಟ್ಟ ಸಿದ್ಧ ಮನೆ ನೋಡಿ ಕೊಂಡುಕೊಳ್ಳಬೇಕು. ಸಿದ್ಧ ಮನೆಗಳೂ ನೋಡೋಕೆ ಚಂದವೇ ಇದ್ದವು. ಇಲಿಗಳು ಸಾಲುಗಟ್ಟಿ ಕೊಂಡವು.

ಆ ಹೊಲದಲ್ಲಿ ಬೊಮ್ಮಕ್ಕ ಅಂತ ಒಂದು ಇಲಿ. ತುಂಬಿದ ಬಸುರಿ. ಗಂಡ ಪಾಲಯ್ಯ, ಅತ್ತೆ ತಿಪ್ಪಕ್ಕ. ಮೂವರೂ ಇದ್ದದ್ದು ಎರೆಮಣ್ಣಿನ ಒಂದು ಬಿರುಕಿನಲ್ಲಿ. ಎರೆಮಣ್ಣಿನ ಗುಣ ಗೊತ್ತಲ್ಲ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಾಯಿ ಮುಚ್ಚುತ್ತದೆ. ಒಳಗೆ ಯಾರಿದ್ದಾರೆ ಅಂತ ಕೇಳುವುದಿಲ್ಲ. ಆಕಾಶದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಮಳೆಗೆ ಮುಂಚೆ ಮನೆ ಆಗಲಿಲ್ಲವೋ, ಹುಟ್ಟೋ ಮರಿಗಳಿಗೆ ತೊಟ್ಟಿಲೂ ಅದೇ ಬಿರುಕು, ಗೋರಿಯೂ ಅದೇ ಬಿರುಕು.

ತಿಪ್ಪಕ್ಕ ಹೇಳಿದಳು, "ಸಿದ್ಧ ಮನೆ ಕೊಂಡ್ಕೊಳ್ಳೋಣ ಕಣೆ. ತೋಡೋದು, ಮಣ್ಣು ಹೊರೋದು, ಮತ್ತೆ ತೋಡೋದು, ಈ ಹೊಟ್ಟೆ ಇಟ್ಕೊಂಡು ನಿನ್ನ ಕೈಲಿ ಆಗ್ತದಾ? ಸಿದ್ಧ ಮನೆ ಅಂದ್ರೆ ಹೋದೆಯಾ, ಮಲಗಿದೆಯಾ."

"ಹೋದೆಯಾ, ಮಲಗಿದೆಯಾ, ಅದೇನೋ ಸರಿ ಅತ್ತೆ. ಎದ್ದೆಯಾ ಅಂತ ಕೇಳೋರು ಯಾರು?"

"ಬಾಯಿ ನೋಡು ಇವಳದ್ದು. ಏನೋ ಪಾಲ, ನೀನೇನಂತೀಯ?"

ಪಾಲಯ್ಯ ಅವ್ವನ ಕಡೆ ನೋಡಿದ, ಹೆಂಡತಿ ಕಡೆ ನೋಡಿದ. "ಇಬ್ಬರು ಹೇಳೋದೂ ಸರೀನೇ" ಅಂದ. ಅವನು ಹುಟ್ಟಿದಾಗಿನಿಂದ ಹೇಳಿದ್ದು ಅದೊಂದೇ ಮಾತು.

"ಆಯ್ತು, ನೋಡೋಣ" ಅಂದಳು ಬೊಮ್ಮಕ್ಕ. "ನೋಡಿದ ಮಾತ್ರಕ್ಕೆ ಕೊಂಡಂಗೆ ಆಗಲ್ಲ."

ಜಂಬುರಾಯ ಅವರನ್ನು ಕಂಡು ಹಲ್ಲು ಬಿಟ್ಟ. "ಬಾ ತಾಯಿ, ಬಾ. ಬಸುರಿ ಹೆಂಗಸು, ನಿಧಾನ. ಇಂಥವರಿಗೆ ಅಂತಲೇ ನಾನು ಮನೆ ಮಾಡಿಟ್ಟಿರೋದು."

ಮೊದಲನೇ ಮನೆ ಬೇವಿನ ಮರದ ಬುಡದಲ್ಲಿ. ಒಳಗೆ ಹೋಗಿ ನೋಡಿದರೆ ಮೂಲೆ ತುಂಬ ಜೋಳ.

"ಕಣಜ ತುಂಬಿದ ಮನೆ" ಅಂದ ನರಿ. "ಕಾಳು ಸಮೇತ ಕೊಡ್ತೀನಿ. ಇಂಥ ವ್ಯಾಪಾರ ಬೇರೆ ಯಾರು ಮಾಡ್ತಾರೆ?"

"ಇಲ್ಲಿದ್ದವರು ಎಲ್ಲಿಗೆ ಹೋದ್ರು ರಾಯರೇ?"

"ಸೋದರಮಾವನ ಊರಿಗೆ."

ಎರಡನೇ ಮನೆ ಬಾವಿಯ ದಿಬ್ಬದಲ್ಲಿ. ಮೂಲೆ ತುಂಬ ಕಡಲೆ. ಹುಲ್ಲಿನ ಹಾಸಿಗೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

"ಇಲ್ಲಿದ್ದವರು ಎಲ್ಲಿಗೆ ಹೋದ್ರು ರಾಯರೇ?"

"ತೀರ್ಥಯಾತ್ರೆಗೆ."

ಮೂರನೇ ಮನೆ ದೊಡ್ಡ ಬದುವಿನಲ್ಲಿ. ಮೂಲೆ ತುಂಬ ಶೇಂಗಾ. ನಡುಮನೆಯಲ್ಲಿ ಅರ್ಧ ಕಡಿದ ಒಂದು ಬೀಜ ಬಿದ್ದಿತ್ತು, ಕಡಿದ ಜಾಗ ಇನ್ನೂ ಹಸಿ.

"ಇಲ್ಲಿದ್ದವರು ಎಲ್ಲಿಗೆ ಹೋದ್ರು ರಾಯರೇ?"

"ಮಗಳ ಬಾಣಂತನಕ್ಕೆ."

"ಬಾಯಲ್ಲಿದ್ದ ಬೀಜ ಉಗುಳಿ ಹೋದ್ರಾ?"

"ಅವಸರ ತಾಯಿ. ಹೆರಿಗೆ ಅನ್ನೋದು ಬೀಜ ಅಗಿಯೋ ತನಕ ಕಾಯ್ತದಾ?"

ತಿಪ್ಪಕ್ಕ ಶೇಂಗಾ ರಾಶಿ ನೋಡಿ ಬಾಯಿ ಚಪ್ಪರಿಸಿದಳು. ಪಾಲಯ್ಯ ಬೆಲೆ ಕೇಳಿದ.

"ಬೆಲೆ ಮಾತು ಆಮೇಲೆ" ಅಂದ ಜಂಬುರಾಯ. "ಮೊದಲು ಚೆನ್ನಾಗಿ ತಿನ್ನಿ, ಮಲಗಿ, ಮೈಕೈ ತುಂಬ್ಕೊಳ್ಳಿ. ನಾನೇ ಬಂದು ವಸೂಲಿ ಮಾಡ್ಕೊತೀನಿ."

ಬೊಮ್ಮಕ್ಕ ಬಾಗಿಲಲ್ಲಿ ನಿಂತು ಸುತ್ತ ನೋಡಿದಳು. ಅವಳು ಹೊಟ್ಟೆ ಸಮೇತ ಅಡ್ಡಡ್ಡ ಉರುಳಿಕೊಂಡು ಹೋದರೂ ಬಾಗಿಲು ಇನ್ನೂ ಮಿಗುತ್ತಿತ್ತು.

"ಬಾಗಿಲು ಯಾಕೆ ಇಷ್ಟು ಅಗಲ?"

"ಗಾಳಿ ಬರ್ಲಿ ಅಂತ."

"ಹಿಂಬಾಗಿಲು ಎಲ್ಲಿ?"

"ಮರ್ಯಾದಸ್ಥರ ಮನೆಗೆ ಹಿಂಬಾಗಿಲು ಯಾಕಮ್ಮ? ಅದು ಕಳ್ಳರಿಗೆ ಬೇಕು."

ಬೊಮ್ಮಕ್ಕ ಬಾಗಿಲು ನೋಡಿದಳು. ಜಂಬುರಾಯನ ಕತ್ತು ನೋಡಿದಳು. ಮತ್ತೆ ಬಾಗಿಲು ನೋಡಿದಳು. ಬಾಗಿಲಂಚಿನ ಮಣ್ಣಿಗೆ ಒಂದಷ್ಟು ಕೂದಲು ಮೆತ್ತಿಕೊಂಡಿತ್ತು, ಕಂದು ಬಣ್ಣದ್ದು.

"ಇದೂ ಅಳತೆ ಕೊಟ್ಟು ಕಟ್ಟಿಸಿದ ಮನೇನೇ ರಾಯರೇ. ಅಳತೆ ಮಾತ್ರ ನಮ್ಮದಲ್ಲ" ಅಂದಳು. "ನನಗೆ ಬೇಡ. ನಮ್ಮ ಮನೆ ನಾವೇ ತೋಡ್ಕೋತೀವಿ."

ನರಿಯ ಹಲ್ಲು ಒಳಗೆ ಹೋಯಿತು. "ರಾಜಾಜ್ಞೆ ಮರೆತೆಯಾ?"

"ಮರೆತಿಲ್ಲ. ರಾಜರು ಮಲಗೋದು ಹುತ್ತದಲ್ಲಿ. ಈ ಮನೇಲಿ ಮಲಗಬೇಕಾದೋಳು ನಾನು. ನನ್ನನ್ನ ಕೇಳಿ ಆಜ್ಞೆ ಮಾಡಬೇಕಿತ್ತು."

ದಾರಿಯುದ್ದಕ್ಕೂ ತಿಪ್ಪಕ್ಕ ಬೈದಳು. ಅಷ್ಟು ಶೇಂಗಾ ಬಿಟ್ಟು ಬಂದ ಸಂಕಟ ಅವಳಿಗೆ. ಬಿರುಕಿನ ಹತ್ತಿರ ಬಂದ ಮೇಲೆ ಬೊಮ್ಮಕ್ಕ ಕೇಳಿದಳು, "ಅತ್ತೆ, ನೀವು ಮನೆ ಬದಲಾಯಿಸುವಾಗ ಯಾವತ್ತಾದ್ರೂ ಕಾಳು ಬಿಟ್ಟು ಹೋಗಿದ್ದೀರಾ?"

"ಕಾಳು ಬಿಡೋದಾ? ನಿನ್ನ ಮಾವ ಸತ್ತ ದಿನಾನೂ ಅಳ್ತಾ ಅಳ್ತಾ ಕಾಳು ಹೊತ್ತಿದ್ದೀನಿ. ಯಾವ ಇಲಿಯಾದ್ರೂ ಕಾಳು ಬಿಟ್ಟು..."

ತಿಪ್ಪಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ನೋಡಿ, ನರಿ ಜಾಣನೇ. ಆದರೆ ಮಾಂಸ ತಿನ್ನೋ ಜಾತಿ. ಕಾಳು ಅಂದರೆ ಅವನ ಕಣ್ಣಿಗೆ ಕಲ್ಲಿದ್ದ ಹಾಗೆ. ಕಾಳು ತಿನ್ನೋರನ್ನು ತಿಂದು ಕಾಳನ್ನು ಹಾಗೇ ಬಿಟ್ಟ. ತುಂಬಿದ ಕಣಜ ಕಂಡರೆ ಗಿರಾಕಿ ಬೀಳುತ್ತಾರೆ ಅಂತ ಹಿಗ್ಗಿದ. ಪ್ರಾಣ ಇರೋ ಇಲಿ ಕಾಳು ಬಿಟ್ಟು ಹೋಗೋದಿಲ್ಲ ಅನ್ನೋದು ಅವನಿಗೆ ಹೊಳೆಯಲೇ ಇಲ್ಲ.

"ಎಲ್ಲಿ ತೋಡೋಣ ಹೇಳು" ಅಂದಳು ತಿಪ್ಪಕ್ಕ, ಸಣ್ಣ ದನಿಯಲ್ಲಿ.

ದೊಡ್ಡ ಬದುವಿನ ಇನ್ನೊಂದು ತುದಿಯಲ್ಲಿ ತೋಡೋಕೆ ಶುರು ಮಾಡಿದರು. ಬಾಗಿಲು ಆಗುತ್ತಲೇ ಜಂಬುರಾಯ ಬಂದ. ಕಾಲಿಂದ ತುಳಿದು ಮುಚ್ಚಿದ. "ಇನ್ನೂ ಹಟ ಐತಾ?"

"ಐತೆ."

ಮತ್ತೆ ತೋಡಿದರು. ಮತ್ತೆ ಬಂದ, ಮತ್ತೆ ತುಳಿದ. "ಇನ್ನೂ ಹಟ ಐತಾ?"

"ಐತೆ. ಚೆನ್ನಾಗಿ ತುಳೀರಿ ರಾಯರೇ. ನೀವು ತುಳಿದಷ್ಟೂ ಮಣ್ಣು ಗಟ್ಟಿ ಆಗ್ತದೆ, ನಮ್ಮ ಗೋಡೆ ಬೀಳಲ್ಲ."

ಮೂರನೇ ಸಲ ಬಂದು ತುಳಿಯುವಾಗ ಬೊಮ್ಮಕ್ಕ ಒಳಗೇ ಇದ್ದಳು. ಮುಂದೆ ದಾರಿ ಮುಚ್ಚಿತು. ಕತ್ತಲೆ. ಹೊಟ್ಟೆಯೊಳಗೆ ಮರಿಗಳು ಒದ್ದವು. ಹೆದರಿಕೆ ಆಗಲಿಲ್ಲ ಅಂತ ಸುಳ್ಳು ಹೇಳೋದು ಬೇಡ, ಆಯಿತು. ಹೆದರುತ್ತಲೇ ಹಿಂದಕ್ಕೆ ತೋಡಿದಳು. ತೋಡಿ ತೋಡಿ ಬದುವಿನ ಆಚೆಗೆ ಮೂಗು ಹೊರಹಾಕಿದರೆ, ಅದು ಕಾರೆಗಿಡದ ಬುಡ. ಸುತ್ತ ಮುಳ್ಳೋ ಮುಳ್ಳು, ನರಿ ಬಾಯಿ ಹಾಕುವ ಹಾಗಿಲ್ಲ. ಆ ಗಿಡದ ನೆರಳಲ್ಲೇ ರಾಜ ಸಭೆ ಕೂಡಿಸುತ್ತಿದ್ದದ್ದು.

ಬೊಮ್ಮಕ್ಕನಿಗೆ ಅಷ್ಟು ಸುಸ್ತಿನಲ್ಲೂ ನಗು ಬಂತು. ಹೀಗೆ ನರಿಯೇ ತುಳಿದು ತುಳಿದು ಅವಳಿಗೆ ಒಂದು ಹಿಂಬಾಗಿಲು ಮಾಡಿಕೊಟ್ಟ. ಆಮೇಲೆ ಮುಂಬಾಗಿಲನ್ನು ಮತ್ತೆ ತೋಡಿದಳು. ಈ ಸಲ ತನ್ನ ಹೊಟ್ಟೆಯ ಅಳತೆಗೆ ಸರಿಯಾಗಿ, ಉಸಿರು ಬಿಗಿ ಹಿಡಿದರೆ ನುಸುಳುವಷ್ಟು.

ಜಂಬುರಾಯ ದೂರು ಕೊಟ್ಟ. ಸಭೆ ಕೂಡಿತು. ಹೊಲದ ಇಲಿಗಳೆಲ್ಲ ಬಂದವು. ಪಾಲಯ್ಯ ಕಾರೆಗಿಡದ ಬುಡಕ್ಕೆ ಹೋಗಿ ಒಂದು ಕಡೆ ಕುಂಡಿ ಊರಿ ಕೂತ. ಅವನ ಕುಂಡಿಯ ಕೆಳಗೇ ಹಿಂಬಾಗಿಲು. "ನಾನು ಒಳಗಿಂದ ಚುಚ್ಚಿದ್ರೆ ಎದ್ದೇಳು, ಅಷ್ಟೇ ನಿನ್ನ ಕೆಲಸ" ಅಂತ ಬೊಮ್ಮಕ್ಕ ಹೇಳಿದ್ದಳು. ಇಬ್ಬರು ಹೇಳೋದೂ ಸರಿ ಅನ್ನೋಕೆ ಇಲ್ಲಿ ಇನ್ನೊಬ್ಬರು ಇರಲಿಲ್ಲ.

ರಾಜ ಕಣ್ಣು ಬಿಟ್ಟು, ಎದುರಿಗೆ ನಿಂತ ಬೊಮ್ಮಕ್ಕನನ್ನು ಕೇಳಿದ, "ನನ್ನ ಆಜ್ಞೆ ಮೀರಿದೆಯಾ?"

"ಮೀರಿದೆ."

"ತಪ್ಪಾಯ್ತು ಅನ್ನು."

"ತಪ್ಪು ಮಾಡಿಲ್ಲ ಬುದ್ಧಿ, ಹೆಂಗನ್ನಲಿ?"

ರಾಜ ಬಾಲ ಬಡಿದ. "ಹಾಗಾದ್ರೆ ಈಗಲೇ ಮನೆ ಖಾಲಿ ಮಾಡು."

"ಖಾಲಿ ಮಾಡಿಸೋರು ಬಾಗಿಲಿಗೆ ಬಂದು ಹೆಸರು ಹಿಡಿದು ಕರೀಬೇಕು. ಅದು ಪದ್ಧತಿ. ಮಂತ್ರಿಗಳೇ ಬರ್ಲಿ, ಒಬ್ಬರೇ" ಅಂತ ಹೇಳಿ ಬೊಮ್ಮಕ್ಕ ಬದು ಸುತ್ತಿಕೊಂಡು ಹೋಗಿ ಒಳಗೆ ಸೇರಿದಳು.

ಜಂಬುರಾಯನಿಗೆ ಇದಕ್ಕಿಂತ ಇನ್ನೇನು ಬೇಕು? ಬದುವಿನ ಆಚೆ ಯಾರ ಕಣ್ಣೂ ಇಲ್ಲ. ಹೋಗಿ ಬಾಗಿಲಿಗೆ ಮೂತಿ ಇಟ್ಟ.

"ಬೊಮ್ಮಕ್ಕ, ಹೊರಗೆ ಬಾ."

"ಬರ್ತೀನಿ ರಾಯರೇ. ನಮ್ಮಿಬ್ಬರನ್ನ ಬಿಟ್ಟು ಇಲ್ಲಿ ಯಾರೂ ಇಲ್ಲ. ಒಂದು ಮಾತು ಕೇಳ್ಲಾ? ಆ ಮೊದಲನೇ ಮನೆಯವರ ಸೋದರಮಾವನ ಊರು ಎಲ್ಲೈತೆ?" ಹೀಗೆ ಕೇಳುತ್ತ, ಹಿಂದಕ್ಕೆ ಸರಿದು, ಕಾಲುಗುರಿನಿಂದ ಗಂಡನ ಕುಂಡಿಗೆ ಚುಚ್ಚಿದಳು. ಪಾಲಯ್ಯ ಎದ್ದ.

ನರಿ ನಕ್ಕ. "ದೂರ ಇಲ್ಲ, ಇಲ್ಲೇ ಐತೆ. ನನ್ನ ಹೊಟ್ಟೇಲಿ."

"ತೀರ್ಥಯಾತ್ರೆಗೆ ಹೋದವರು?"

"ಅವರೂ ಅಲ್ಲೇ ಮುಳುಗಿದ್ರು."

"ಬಾಣಂತನಕ್ಕೆ ಹೋದವರು?"

"ತಾಯಿ ಮಗಳು ಇಬ್ರೂ ಒಂದೇ ಕಡೆ ಇದ್ದಾರೆ. ನೀನೂ ಹೋಗುವೆಯಂತೆ, ಜೊತೆ ಆಗ್ತದೆ."

"ರಾಜರಿಗೆ ಗೊತ್ತಾದ್ರೆ?"

"ಯಾರಿಗೆ, ಆ ಮುದಿ ಉಡಕ್ಕಾ? ಹುತ್ತ ಬೀಳ್ತದೆ ಅಂದೆ, ನಂಬ್ತು. ಅದರ ನಾಲಿಗೆ ಉದ್ದ, ತಲೆ ಟೊಳ್ಳು."

ಬಿಲದೊಳಗೆ ಆಡಿದ ಮಾತು ಬಿಲ ಹೋದ ಕಡೆಗೆಲ್ಲ ಹೋಗುತ್ತದೆ. ಇತ್ತ ಕಾರೆಗಿಡದ ಬುಡದಲ್ಲಿ ನೆಲವೇ ನರಿಯ ದನಿಯಲ್ಲಿ ಮಾತಾಡುತ್ತಿತ್ತು. ಸೋದರಮಾವನ ಊರಿಂದ ತಮ್ಮ ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ದಾರಿ ಕಾಯುತ್ತಿದ್ದ ಒಬ್ಬ ಮುದುಕ ಇಲಿ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

ಅತ್ತ ನರಿ ಸಿದ್ಧ ಮನೆಗೆ ನುಗ್ಗಿ ರೂಢಿಯಾದ ತಲೆಯನ್ನು ಅದೇ ರಭಸದಲ್ಲಿ ಒಳಗೆ ನುಗ್ಗಿಸಿದ. ಮೂತಿ ಹೋಯಿತು, ಕಣ್ಣು ಹೋಯಿತು, ಕಿವಿ ಅಮರಿಕೊಂಡು ನಿಂತಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಅವನೇ ತುಳಿದು ಗಟ್ಟಿ ಮಾಡಿದ ಮಣ್ಣು, ಸಡಿಲ ಆಗುತ್ತದೆಯೇ?

ಮೊದಲು ಆ ಮುದುಕ ಇಲಿ ಬಂದು ಬಾಲ ಕಚ್ಚಿದ. ಆಮೇಲೆ ಎಲ್ಲರೂ. ತಿಪ್ಪಕ್ಕ ತನಗೆ ಹಲ್ಲಿಲ್ಲ ಅಂತ ಯಾವಾಗಲೂ ಗೋಳಾಡುತ್ತಿದ್ದಳು, ಅವತ್ತು ಹಲ್ಲು ಎಲ್ಲಿಂದ ಬಂತೋ. ಕೊನೆಗೆ ರಾಜ ಬಂದ. ಉಡದ ಬಾಲ ಅಂದರೆ ಚಾಟಿ. ಒಂದು ಏಟು ಹುತ್ತದ ಸುಳ್ಳಿಗೆ, ಒಂದು ಅವನ ಹೊಟ್ಟೆ ಸೇರಿದವರಿಗೆ, ಇನ್ನೊಂದು ಟೊಳ್ಳು ತಲೆಗೆ. ಆ ಏಟಿಗೆ ಅರ್ಧ ಕೂದಲು ಬಾಗಿಲಲ್ಲೇ ಬಿಟ್ಟು ಕಿತ್ತುಕೊಂಡ ಜಂಬುರಾಯ, ಬೋಳು ಬಾಲ ಎಳೆದುಕೊಂಡು ಹೊಲ ದಾಟಿ ಓಡಿದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ರಾಜನಿಗೆ ಮುಖ ಎತ್ತಲಾಗಲಿಲ್ಲ. "ಬೊಮ್ಮಕ್ಕ, ಇನ್ನು ಮನೆ ತೋಡೋಕೆ ನಿಮಗೆಲ್ಲ ನನ್ನ ಅಪ್ಪಣೆ ಐತೆ" ಅಂದ.

"ಅಪ್ಪಣೆ ನೀವೇ ಇಟ್ಕೊಳ್ಳಿ ಬುದ್ಧಿ" ಅಂದಳು ಬೊಮ್ಮಕ್ಕ. "ಅದು ಇಲ್ಲದೇನೇ ತೋಡಿದ್ದು ನಾನು. ಇನ್ನು ಮುಂದೂ ಹಂಗೇ."

ರಾಜ ನಾಲಿಗೆ ಒಳಗೆ ಎಳೆದುಕೊಂಡು ಹುತ್ತದ ಕಡೆ ನಡೆದ.

ಆ ಸಿದ್ಧ ಮನೆಗಳನ್ನು ಏನು ಮಾಡೋದು ಅಂತ ಯಾರೋ ಕೇಳಿದರು. "ಮಣ್ಣಿನದೇನು ತಪ್ಪು?" ಅಂದಳು ಬೊಮ್ಮಕ್ಕ. "ತೋಡೋ ಶಕ್ತಿ ಇಲ್ಲದೋರು ಅಲ್ಲೇ ಇರ್ಲಿ. ಬಾಗಿಲು ನಿಮ್ಮ ಅಳತೆಗೆ ಕಿರಿದು ಮಾಡಿ, ಹಿಂದೆ ಒಂದು ದಾರಿ ತೋಡಿ. ಆಮೇಲೆ ಮಲಗಿ."

ಮಳೆ ಬಂತು. ಬಿರುಕುಗಳೆಲ್ಲ ಬಾಯಿ ಮುಚ್ಚಿದವು. ಬದುವಿನೊಳಗೆ ಬೊಮ್ಮಕ್ಕ ಹೆತ್ತಳು. ಮರಿಗಳ ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಅಷ್ಟರಲ್ಲೇ ಗೋಡೆ ಕೆರೆಯೋಕೆ ಶುರು ಮಾಡಿದವು. ಬೈಯೋಕೆ ಬಂದ ತಿಪ್ಪಕ್ಕ ನಿಂತು ನೋಡಿ, "ಕೆರೀಲಿ ಬಿಡು" ಅಂದಳು.

ಇದರ ನೀತಿ ಇಷ್ಟು. ಮನೆ ಕಟ್ಟಿಸಿ, ಇಲ್ಲ ಕೊಂಡುಕೊಳ್ಳಿ, ಅದು ನಿಮ್ಮ ಇಷ್ಟ. ಆದರೆ ಕಾಲಿಡುವ ಮೊದಲು ಬಾಗಿಲು ಯಾರ ಅಳತೆಗೆ ಇದೆ ಅಂತ ನೋಡಿ, ಇದ್ದವರು ಎಲ್ಲಿಗೆ ಹೋದರು ಅಂತ ಕೇಳಿ. ಸರಿಯಾದ ಉತ್ತರ ಬರಲಿಲ್ಲವೋ, ಎದುರಿಗಿರುವವರು ಮಂತ್ರಿಯಾಗಲಿ ರಾಜನಾಗಲಿ, ಬೇಡ ಅನ್ನಿ. ಮೆಲ್ಲಗೆ ಅಲ್ಲ, ಎಲ್ಲರಿಗೂ ಕೇಳಿಸುವ ಹಾಗೆ.