ಬಾಳೆಮೀನಿನ ಬಾಯಳತೆ

ಏಳು ಕೆರೆಗಳಿದ್ದ ಒಂದು ರಾಜ್ಯ. ಅದಕ್ಕೊಬ್ಬ ರಾಜ, ಮುದ್ದುರಾಯ ಅಂತ. ರಾಜ ಒಳ್ಳೆಯವನೇ. ಆದರೆ ಯಾರು ಏನು ಹೇಳಿದರೂ "ಹೌದಲ್ಲವೇ" ಅನ್ನುವವನು. ಅವನ ಪಕ್ಕದಲ್ಲಿ ಒಬ್ಬ ಮಂತ್ರಿ, ಬಂಕಯ್ಯ. ಅವನು ಹೇಳುತ್ತಲೇ ಇರುವವನು. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು ಮಕ್ಕಳೇ. ರಾಜ್ಯದ ಗತಿ ಕೇಳಬೇಡಿ.

ಒಂದು ಸಲ ಪಕ್ಕದ ದೇಶದ ದೊರೆ ಮುದ್ದುರಾಯನಿಗೆ ಬಾಳೆಮೀನೊಂದನ್ನು ಉಡುಗೊರೆ ಕಳಿಸಿದ. ಬಾಳೆ ಅಂದ ಕೂಡಲೇ ಹಣ್ಣು ನೆನೆಸಿಕೊಳ್ಳಬೇಡಿ. ಎರಡು ಮೊಳ ಉದ್ದ, ಮುಂದಕ್ಕೆ ಚಾಚಿದ ಎರಡು ಮೀಸೆ, ಕಣ್ಣಿನಾಚೆಗೂ ಸೀಳಿಕೊಂಡ ಬಾಯಿ, ಬಾಯಿ ತುಂಬ ಹಲ್ಲು. ರಾಜ ಅದಕ್ಕಾಗಿ ಸಭೆಯ ನಡುವೆಯೇ ಗಾಜಿನ ತೊಟ್ಟಿ ಕಟ್ಟಿಸಿದ. ನೋಡಿಕೊಳ್ಳಲು ಬೆಸ್ತರ ಕೇರಿಯಿಂದ ನಿಂಗಾಜಮ್ಮನನ್ನು ಕರೆಸಿದ. ನೀರು ಬದಲಿಸುವುದು, ಗಾಜು ಒರೆಸುವುದು, ಬೆಳಿಗ್ಗೆ ಒಂದು ಬುಟ್ಟಿ ಸೀಗಡಿ ಹಾಕುವುದು ಅವಳ ಕೆಲಸ.

ರಾಜ ತೊಟ್ಟಿಯ ಮುಂದೆ ಕೂತು ನಿಟ್ಟುಸಿರು ಬಿಟ್ಟ.

"ಪಾಪ, ಒಂಟಿಯಾಗಿದೆ. ಇದಕ್ಕೆ ಜೊತೆ ಬೇಕಲ್ಲ ಬಂಕಯ್ಯ."

"ಅದೇ ನನ್ನ ಮನಸ್ಸಿನಲ್ಲೂ ಇತ್ತು ಪ್ರಭು," ಅಂದ ಮಂತ್ರಿ. ಇರಲಿಲ್ಲ.

ಗಾಜು ಒರೆಸುತ್ತಿದ್ದ ನಿಂಗಾಜಮ್ಮ ತಿರುಗಿ ನಿಂತಳು. "ಬುದ್ಧೀ, ಇದರ ಬಾಯಿ ನೋಡ್ಕಂಡು ಜೊತೆ ತರಬೇಕು. ಹೊಟ್ಟೆ ತುಂಬಿದ್ರೂ ಅಷ್ಟೆ, ಬಾಯಿಗೆ ಹಿಡಿಸಿದ್ದನ್ನ ಇದು ಬಿಡಾಕಿಲ್ಲ."

"ಇದು ಅರಮನೆ ಮೀನು. ಸಂಸ್ಕಾರ ಇರೋದು. ನಿನ್ನ ಕೆರೆ ಮೀನಿನ ಚಾಳಿಯನ್ನ ಇದಕ್ಕೆ ಅಂಟಿಸಬೇಡ," ಅಂದ ಬಂಕಯ್ಯ.

"ಹೌದಲ್ಲವೇ," ಅಂದ ರಾಜ.

ಮೊದಲನೇ ಸಲ ಬಂಕಯ್ಯ ಬಣ್ಣ ನೋಡಿದ. ಬೆರಳುದ್ದದ ಹನ್ನೆರಡು ಹೊಂಬಣ್ಣದ ಮೀನು ತಂದು ಬಿಟ್ಟ. ಸಭೆಯೆಲ್ಲ ತಲೆದೂಗಿತು. ಮಾರನೇ ದಿನ ನೋಡಿದರೆ ಒಂದೂ ಇಲ್ಲ. ಬಾಳೆಮೀನು ಮಾತ್ರ ಮೂಲೆಯಲ್ಲಿ ಹೊಟ್ಟೆ ಇಳಿಬಿಟ್ಟುಕೊಂಡು ನಿಂತಿತ್ತು.

"ಎಲ್ಲಿ ಹೋದವು?" ಅಂದ ರಾಜ.

"ತವರು ನೆನಪಾಗಿ ತೂಬಿನಲ್ಲಿ ನುಸುಳಿಕೊಂಡು ಹೋಗಿವೆ ಪ್ರಭು."

ಎರಡನೇ ಸಲ ಬಂಕಯ್ಯ ಮನೆತನ ನೋಡಿದ. ದೇವಸ್ಥಾನದ ಕಲ್ಯಾಣಿಯಲ್ಲಿ ಹುಟ್ಟಿ, ದಿನಾ ಗಂಟೆ ಶಬ್ದ ಕೇಳಿ ಬೆಳೆದ ಗೇಣುದ್ದದ ಆರು ಮೀನು ತರಿಸಿದ. ಮಧ್ಯಾಹ್ನ ರಾಜ ಊಟಕ್ಕೆ ಎದ್ದ. ಸಭೆಯಲ್ಲಿ ಉಳಿದವರು ಮಂತ್ರಿ ಮತ್ತು ನಿಂಗಾಜಮ್ಮ, ಇಬ್ಬರೇ. ತೊಟ್ಟಿಯೊಳಗೆ ಆರನೆಯ ಮೀನಿನ ಬಾಲ ಬಾಳೆಮೀನಿನ ಬಾಯಿಂದ ಇನ್ನೂ ಇಣುಕುತ್ತಿತ್ತು. ಇಬ್ಬರೂ ನೋಡಿದರು. ಬಂಕಯ್ಯ ಮೆಲ್ಲಗೆ ತಲೆಯೆತ್ತಿ, "ಚಾವಣಿಗೆ ಸುಣ್ಣ ಬಳಿದು ಬಹಳ ದಿನ ಆಯ್ತು," ಅಂದ.

ಊಟ ಮುಗಿಸಿ ಬಂದ ರಾಜನಿಗೆ ಅವನು ಹೇಳಿದ್ದೇ ಬೇರೆ. "ಪ್ರಭು, ಹೇಳಬಾರದು, ಆದರೂ ಹೇಳ್ತೀನಿ. ಇವಳು ಬೆಸ್ತರ ಹೆಂಗಸು. ಮೀನು ಕಂಡರೆ ಒಲೆ ನೆನಪಾಗುತ್ತೆ. ಸೆರಗಲ್ಲಿ ಕಟ್ಟಿಕೊಂಡು ಹೋಗಿ ಸಾರು ಮಾಡಿದ್ದಾಳೆ."

"ಹೌದಲ್ಲವೇ," ಅಂದ ರಾಜ. "ಇನ್ನೊಂದು ಸಲ ಮೀನು ಕಾಣೆಯಾದರೆ ಬೆಸ್ತರ ಕೇರಿಯವರು ಏಳು ಕೆರೆಯಲ್ಲೂ ಬಲೆ ಬೀಸುವ ಹಾಗಿಲ್ಲ."

ನಿಂಗಾಜಮ್ಮ ಲೆಕ್ಕ ಹಾಕಿದಳು. ಕೇರಿಯಲ್ಲಿ ನಲವತ್ತು ಮನೆ, ನಲವತ್ತು ಒಲೆ. ಬಲೆ ಒಣಗಿದರೆ ಅಷ್ಟೂ ಒಲೆ ಆರುತ್ತವೆ. ಬಾಲ ಕಂಡ ಕಣ್ಣು ಎರಡು ಜೊತೆ, ಆದರೆ ಮಂತ್ರಿಯ ಮಾತಿನೆದುರು ಅವಳ ಮಾತು ನಿಲ್ಲುತ್ತದೆಯೇ? ಅವಳಿಗೆ ಅಳು ಬಂತು. ಅಳುವನ್ನು ನುಂಗಿಕೊಂಡು ಒಂದು ಸೀಗಡಿ ಹಿಡಿದು ತೊಟ್ಟಿಯ ಮೇಲೆ ಬಗ್ಗಿದಳು. ಬಾಳೆಮೀನು ಬಾಯಿ ತೆರೆಯಿತು. ಅವಳು ಕಣ್ಣಲ್ಲೇ ಅದರ ಅಳತೆ ಹಿಡಿದು, ಬಿದಿರು ಸೀಳಿ, ಬಗ್ಗಿಸಿ, ಒಂದು ಬಳೆ ಕಟ್ಟಿ ಮಡಿಲಲ್ಲಿಟ್ಟುಕೊಂಡಳು.

ಮೂರನೇ ಸಲ ಬಂಕಯ್ಯ ಜೋಯಿಸರನ್ನೇ ಕರೆಸಿದ. ಮದುವೆಗೆ ಹೆಣ್ಣುಗಂಡಿನ ಸಾಲಾವಳಿ ನೋಡುತ್ತಾರಲ್ಲ, ಹಾಗೆ ಮೀನಿಗೂ ಮೀನಿಗೂ ಸಾಲಾವಳಿ. ರಾಶಿ ಯಾವುದು ಅಂತ ಕೇಳುವ ಕಷ್ಟವಿರಲಿಲ್ಲ, ಎಲ್ಲವೂ ಮೀನ ರಾಶಿ. ಅಂಗೈಯುದ್ದದ ಮೂರು ಮೀನು ಆಯ್ಕೆಯಾದವು. ಮೂವತ್ತಾರು ಗುಣದಲ್ಲಿ ಮೂವತ್ತೆರಡು ಕೂಡಿತು ಅಂದರು ಜೋಯಿಸರು. ಸಭೆ ಸೇರಿತು, ವಾಲಗ ಮೊಳಗಿತು. ಅವತ್ತು ನಿಂಗಾಜಮ್ಮ ಬಾಳೆಮೀನಿಗೆ ಸೀಗಡಿ ಹಾಕಿರಲಿಲ್ಲ.

ಇನ್ನೇನು ಮೀನು ಬಿಡಬೇಕು, ಆಗ ಅವಳು ಕೈಮುಗಿದಳು. "ಜೋಯಿಸರೇ, ಒಂದು ಮಾತು. ನಮ್ಮ ಮಂತ್ರಿಗಳ ಜಾತಕಕ್ಕೂ ಈ ಬಾಳೆಮೀನಿಗೂ ಕೂಡತದಾ?"

ಮಂತ್ರಿಯ ಜಾತಕ ಅಂದರೆ ಜೋಯಿಸರು ಕಡಿಮೆ ಹೇಳುತ್ತಾರೆಯೇ? "ಮೂವತ್ತಾರಕ್ಕೆ ಮೂವತ್ತಾರು," ಅಂದುಬಿಟ್ಟರು. ಬಂಕಯ್ಯ ಮೀಸೆ ತಿರುವಿದ.

"ಹಂಗಾದ್ರೆ ಬುದ್ಧೀ," ಅಂದಳು ರಾಜನಿಗೆ, "ಮಂತ್ರಿಗಳಿಗಿಂತ ಒಳ್ಳೆ ಜೊತೆ ಎಲ್ಲಿ ಸಿಕ್ಕತದೆ? ಮೈಬಣ್ಣ ಅವ್ರದ್ದು ಹೊಳೀತದೆ. ಮನೆತನ ದೊಡ್ಡದು. ಜಾತಕ ಪೂರ್ತಿ ಕೂಡ್ತು. ನೀರಿಗಿಳಿಯೋದು ಬ್ಯಾಡ, ವಯಸ್ಸಾದೋರು. ಬಲಗೈ ಒಂದನ್ನ ನೀರಿಗೆ ಬಿಟ್ಟು ಮೀನಿನ ತಲೆ ಸವರಲಿ. ಸಂಸ್ಕಾರದ ಮೀನು, ಏನು ಮಾಡತದೆ?"

"ಹೌದಲ್ಲವೇ," ಅಂದ ರಾಜ.

ಬಂಕಯ್ಯ ಎದ್ದು ಬಂದ. ನೀರ ಹತ್ತಿರ ಕೈ ಒಯ್ದು ಹಿಂದೆಗೆದ. "ಉಂಗುರ ಒದ್ದೆಯಾಗುತ್ತೆ ಪ್ರಭು." ನಿಂಗಾಜಮ್ಮ ತಟ್ಟೆ ಹಿಡಿದಳು, ಉಂಗುರ ತೆಗೆದಿಡಬೇಕಾಯಿತು. ಮತ್ತೆ ಕೈ ಒಯ್ದು ಹಿಂದೆಗೆದ. "ಇದು ರಾಹುಕಾಲ." ಜೋಯಿಸರು ಉತ್ಸಾಹದಿಂದ, "ಇಲ್ಲ ಇಲ್ಲ, ಇದೇ ಸುಮುಹೂರ್ತ," ಅಂದರು. ಮೂರನೇ ಸಲ ಬೆರಳ ತುದಿ ನೀರಿಗೆ ತಾಗಿತು. ಹಸಿದ ಬಾಳೆಮೀನು ಮೂಲೆಯಿಂದ ತಿರುಗಿ, ಬಾಯಿ ತೆರೆದು ನೇರ ಬಂತು.

"ಅಯ್ಯಯ್ಯೋ, ನುಂಗುತ್ತೆ ಇದು! ಮೊನ್ನೆ ಕಲ್ಯಾಣಿ ಮೀನನ್ನ ನನ್ನ ಕಣ್ಣೆದುರೇ ನುಂಗಿತಲ್ಲ!" ಅಂತ ಚೀರಿ ಬಂಕಯ್ಯ ಹಿಂದಕ್ಕೆ ಬಿದ್ದ.

ವಾಲಗ ನಿಂತಿತು. ರಾಜ ಈ ಸಲ ಹೌದಲ್ಲವೇ ಅನ್ನಲಿಲ್ಲ.

"ಕಣ್ಣೆದುರೇ ನುಂಗಿತೇ? ಮತ್ತೆ ಇವಳು ಸಾರು ಮಾಡಿದಳು ಅಂದೆಯಲ್ಲ?"

ಬಂಕಯ್ಯ ಚಾವಣಿ ನೋಡಿದ. ಸುಣ್ಣದ ಮಾತು ಈಗ ಬಾಯಿಗೆ ಬರಲಿಲ್ಲ.

ನಿಂಗಾಜಮ್ಮ ಮಡಿಲಿಂದ ಬಿದಿರ ಬಳೆ ತೆಗೆದಳು. "ಇದು ಈ ಮೀನಿನ ಬಾಯಳತೆ ಬುದ್ಧೀ. ಇದರೊಳಗೆ ತೂರೋದು ಜೊತೆ ಅಲ್ಲ, ಊಟ. ತೂರದೆ ಇರೋದನ್ನ ತರಬೇಕು. ಕಾಲು ಕೆರೆದು ಜಗಳಕ್ಕೆ ಬರೋದೂ ಬ್ಯಾಡ, ಹೆದರಿ ಮೂಲೆ ಸೇರೋದೂ ಬ್ಯಾಡ. ಆಮೇಲೆ ಓಡಾಡಕ್ಕೆ ಜಾಗ ಬೇಕು. ಮೀನಿನ ತಪ್ಪು ಏನೂ ಇಲ್ಲ, ಅದು ಮೀನು."

ಬಾಳೆಮೀನು ಅರಮನೆಯ ಹಿತ್ತಿಲ ಕೊಳಕ್ಕೆ ಹೋಯಿತು. ಬೆಸ್ತರು ದೊಡ್ಡ ಕೆರೆಯಿಂದ ಮೊರದಗಲದ ಎರಡು ಮುದಿ ಗೆಂಡೆಮೀನು ತಂದು ಬಿಟ್ಟರು. ಬಾಳೆಮೀನು ಒಂದು ಸಲ ಬಾಯಿ ಹಾಕಿ ನೋಡಿತು, ಬಾಯೊಳಗೆ ಹಿಡಿಸಲಿಲ್ಲ. ಗೆಂಡೆಗಳು ತಿರುಗಿಯೂ ನೋಡದೆ ಪಾಚಿ ಮೇಯ್ದವು. ಅವತ್ತಿನಿಂದ ಮೂರೂ ಒಂದೇ ಕೊಳದಲ್ಲಿ ತಮ್ಮ ಪಾಡಿಗೆ ತಾವಿದ್ದವು. ಬೆಸ್ತರ ಬಲೆ ಏಳು ಕೆರೆಯಲ್ಲೂ ಎಂದಿನಂತೆ ಬಿತ್ತು. ಬಂಕಯ್ಯನ ಮಂತ್ರಿ ಪದವಿ ಹೋಗಿ, ನಿಂಗಾಜಮ್ಮನ ಕೈಕೆಳಗೆ ಕೊಳಕ್ಕೆ ನೀರು ಹೊರುವ ಕೆಲಸ ಬಂತು.

ಜೊತೆ ಕೂಡಿಸುವವರು ಬಣ್ಣ, ಮನೆತನ, ಜಾತಕ ನೋಡುವ ಮೊದಲು ಬಾಯಿ ಅಳೆಯಬೇಕು ಮಕ್ಕಳೇ. ಅಳೆಯದೆ ಕೂಡಿಸಿ, ನುಂಗಿದ ಮೇಲೆ ಬಡವರ ಒಲೆ ತೋರಿಸುವವನನ್ನು ಹತ್ತಿರ ಕೂರಿಸಿಕೊಳ್ಳಬಾರದು.

ಆ ಬಿದಿರ ಬಳೆಯನ್ನು ರಾಜ ಸಭೆಯ ಬಾಗಿಲಿಗೆ ತೂಗುಹಾಕಿಸಿದ. ಮಾರನೇ ದಿನ ಸಣ್ಣ ಅಧಿಕಾರಿಗಳೆಲ್ಲ ಒಳಗೆ ಬರುವಾಗ ಒಮ್ಮೆ ಬಳೆ ನೋಡಿದರು, ಒಮ್ಮೆ ದೊಡ್ಡ ಅಧಿಕಾರಿಗಳ ಬಾಯಿ ನೋಡಿದರು, ತಮ್ಮ ಮಣೆಯನ್ನು ಒಂದೊಂದು ಮಾರು ಹಿಂದಕ್ಕೆ ಎಳೆದುಕೊಂಡು ಕೂತರು.